ಜಗಲಿ ಬರೀ ವರಾಂಡ ಅಲ್ಲ

ಮನೆಯ ಭಾಗಗಳ ಹೆಸರುಗಳ ಬಗ್ಗೆ ನೀವು ಬರೆದ ಲೇಖನ ಇಷ್ಟವಾಯಿತು. ಆದರೆ 'ಜಗಲಿ ಅಂದರೆ ವರಾಂಡ, ಪಡಸಾಲೆಯೂ ಅದೇ' ಎಂದು ಒಂದೇ ಸಾಲಿನಲ್ಲಿ ಮುಗಿಸಿದ್ದೀರಿ. ಅದನ್ನು ಒಪ್ಪಲು ಆಗುತ್ತಿಲ್ಲ.

ನಾನು ಶಿರಸಿ ಕಡೆಯವಳು. ಮುಂಬಯಿ ಹತ್ತಿರದ ಡೊಂಬಿವಲಿಗೆ ಬಂದು ಇಪ್ಪತ್ತೆರಡು ವರ್ಷ ಆಯಿತು. ನಮ್ಮಲ್ಲಿ ಜಗಲಿ ಅಂದರೆ ಅಂಗಳದಿಂದ ಎರಡು ಮೆಟ್ಟಿಲು ಮೇಲೆ, ಮಾಡಿನ ಕೆಳಗೆ ಇರುವ ಜಾಗ. ಸುಗ್ಗಿಯಲ್ಲಿ ರಾತ್ರಿ ಅಲ್ಲೇ ಮೆಟ್ಟುಗತ್ತಿ (ಕಾಲಲ್ಲಿ ಮೆಟ್ಟಿ ಹಿಡಿಯುವ ಕತ್ತಿ) ಇಟ್ಟುಕೊಂಡು ಅಡಿಕೆ ಸುಲಿಯುತ್ತಿದ್ದೆವು. ಬೆರಳೆಲ್ಲ ಕಪ್ಪಾಗಿರುತ್ತಿತ್ತು. ಊರಿನ ಸುದ್ದಿಯೆಲ್ಲ ಅಲ್ಲೇ ಬರುತ್ತಿತ್ತು. ಒಳಜಗಲಿ ಬೇರೆ, ಅಲ್ಲಿಗೆ ನೆಂಟರು ಬರುತ್ತಿದ್ದರು. ಧಾರವಾಡದ ಗೆಳತಿಗೆ ಹೊರಗೆ ಕೂರುವುದು ಕಟ್ಟೆ, ಪಡಸಾಲೆ ಬಾಗಿಲು ದಾಟಿದ ಮೇಲೆ. ಒಂದೇ ಅಂದರೆ ಹೇಗೆ?

ಪಕ್ಕದ ಮನೆಯ ರತ್ನಾಗಿರಿಯ ಆಜಿ ತಮ್ಮ ಮನೆಯನ್ನು ಹೀಗೆ ಎಣಿಸುತ್ತಾರೆ: ಅಂಗಣ (ಅಂಗಳ), ಪಡವಿ (ಇಳಿಮಾಡಿನ ಕೆಳಗಿನ ಹೊರಜಾಗ), ಓಟಿ (ಬಂದವರು ಕೂರುವ ಎತ್ತರದ ಜಗಲಿ), ಮಾಜಘರ್ (ಒಳಗಿನ ನಡುಮನೆ). ಪ್ರತಿಯೊಂದಕ್ಕೂ ಯಾರು ಎಲ್ಲಿವರೆಗೆ ಬರಬಹುದು ಎಂಬ ಲೆಕ್ಕ ಇದೆ. ಓಸರಿ (ಮನೆಯ ಮುಂದಿನ ಜಗಲಿ) ಕೊಟ್ಟರೆ ಕಾಲು ಚಾಚಿದ ಎಂಬ ಅರ್ಥದ ಗಾದೆ ಮರಾಠಿಯಲ್ಲಿದೆ. ಓಸರಿ ಹೊರಗಿನವರಿಗೆ ಬಿಟ್ಟ ಜಾಗ ಅಂತ ಗೊತ್ತಿದ್ದರೆ ಮಾತ್ರ ಅದು ಅರ್ಥವಾಗುತ್ತದೆ ಅಲ್ವಾ?

ಇಲ್ಲಿ ಓಟಾ ಅಂದರೆ ಮನೆ ಮುಂದಿನ ಕಟ್ಟೆಯೂ ಹೌದು, ಗ್ಯಾಸ್ ಇಡುವ ಅಡುಗೆ ಕಟ್ಟೆಯೂ ಹೌದು. ನಮ್ಮ ಕಟ್ಟೆಯ ಹಾಗೇ! ಸಾಲು ಕೋಣೆಗಳ ಹಳೇ ಚಾಳುಗಳ ಉದ್ದನೆಯ ಗ್ಯಾಲರಿಯಲ್ಲಿ ಸಂಜೆ ಸೊಪ್ಪು ಬಿಡಿಸುತ್ತಾ ಕೂತವರನ್ನು ಕಂಡಾಗ ನನಗೆ ಜಗಲಿಯೇ ನೆನಪಾಗುತ್ತದೆ.

ಮುಂದಿನ ಕಂತಿನಲ್ಲಿ ಈ ಪದಗಳನ್ನು ಊರೂರಿನ ಬಳಕೆಯ ಜೊತೆ, ಬೇರೆ ಬೇರೆಯಾಗಿಯೇ ಬರೆಯಿರಿ.