ನೀಟ್ ಮಂದಿಗೆ ಮಾತ್ರ ಬಾಡಿಗಿ

ಧಾರವಾಡದ ಸಪ್ತಾಪುರದಿಂದ ಹುಬ್ಬಳ್ಳಿಯ ಕೇಶ್ವಾಪುರದವರೆಗೆ ಬಾಡಿಗೆ ಮನೆ ಕೇಳುತ್ತ ಹೋಗಿ ನೋಡಿ. 'ನಮಗ ನೀಟ್ ಮಂದಿ ಬೇಕ್ರಿ' ಅನ್ನುತ್ತಾರೆ. ನೀಟ್ ಅಂದರೆ ದಿನಾ ನೆಲ ಒರೆಸುವವರು ಎಂದು ತಿಳಿದಿದ್ದರೆ ನೀವು ಊರಿಗೆ ಹೊಸಬರು. ಮೊದಲು ಮನೆತನದ ಅಡ್ಡಹೆಸರು, ಆಮೇಲೆ ಯಾವೂರು, ಆಮೇಲೆ 'ವೆಜ್ ಅಲ್ರೀ?' ಮೂರು ಪ್ರಶ್ನೆಗೆ ಸ್ವಚ್ಛತಾ ತಪಾಸಣೆ ಮುಗಿಯಿತು. ನೀವು ಬಚ್ಚಲು ತಿಕ್ಕುತ್ತೀರೋ ಇಲ್ಲವೋ ಯಾರೂ ಕೇಳುವುದಿಲ್ಲ.

ಇದರ ಹಳೇ ಹೆಸರು ಮಡಿ. ಹತ್ತಿ ಬಟ್ಟೆಯಾದರೆ ದಿನಾ ನೀರಲ್ಲಿ ಹಿಂಡಿ, ಯಾರ ಕೈಗೂ ತಾಗದಂತೆ ಕೋಲಿನಿಂದ ಎತ್ತರದ ಗಳಕ್ಕೆ ಹಾಕಬೇಕು. ಮಡಿವಾಳರು ಒಗೆದು ಇಸ್ತ್ರಿ ಮಾಡಿ ಕೊಟ್ಟದ್ದು ಲೆಕ್ಕಕ್ಕಿಲ್ಲ, ಮನೆಯಲ್ಲಿ ಮತ್ತೊಮ್ಮೆ ಅದ್ದಿ ತೆಗೆಯಬೇಕು. ಹೆಸರಿನಲ್ಲೇ ಮಡಿ ಇಟ್ಟುಕೊಂಡವರ ಕೈ ತಾಗಿದರೆ ಮಡಿ ಹೋಗುತ್ತದೆ! ರೇಷ್ಮೆ ಪಟ್ಟೆಗೆ, ಉಣ್ಣೆಯ ಧಾಬಳಿಗೆ ಮಾತ್ರ ರಿಯಾಯಿತಿ: ತಿಂಗಳುಗಟ್ಟಲೆ ಒಗೆಯದಿದ್ದರೂ ಮಡಿಯೇ. ಬೆವರು ಕೂಡ ಬಟ್ಟೆಯ ರೇಟು ನೋಡಿಕೊಂಡು ನಾರುತ್ತದೆ.

ಸರ್ಕಾರವೂ ಹಿಂದೆ ಬಿದ್ದಿಲ್ಲ. ಕರ್ನಾಟಕದ 1973ರ ಕೊಳಚೆ ಪ್ರದೇಶಗಳ ಕಾಯ್ದೆಯಡಿ ಅಧಿಸೂಚನೆ ಹೊರಡಿಸಿದರೆ ಒಂದು ಓಣಿ 'ಕೊಳಚೆ ಪ್ರದೇಶ' ಆಗುತ್ತದೆ. ಆ ಕಾಯ್ದೆಯ ಸೌಲಭ್ಯ ಬೇಕೆಂದರೆ ಮೊದಲು ಗೆಜೆಟ್ಟಿನಲ್ಲಿ ಕೊಳಚೆ ಅನ್ನಿಸಿಕೊಂಡು ಬರಬೇಕು. ಈ ಓಣಿಗಳನ್ನು ನೋಡಿಕೊಳ್ಳುವ ಸರ್ಕಾರಿ ಮಂಡಳಿಯ ಹೆಸರಿನಲ್ಲಿದ್ದ 'ನಿರ್ಮೂಲನ' ಹೋಗಿ 'ಅಭಿವೃದ್ಧಿ' ಬಂತು. ಜಾಡಮಾಲಿ ಹೋಗಿ ಪೌರಕಾರ್ಮಿಕ ಬಂತು, ಒಳ್ಳೆಯದೇ; ಕಸಬರಿಗಿ ಮಾತ್ರ ಅದೇ ಕೈಯಲ್ಲಿದೆ.

ಗಟಾರದ ಕೆಲಸವನ್ನೇ ನೋಡಿ. ಸಲಿಕೆಯಿಂದ ಹೂಳೆತ್ತಿ ದಂಡೆಗೆ ಹಾಕುತ್ತಾರೆ. ಹಸಿ ಇದ್ದಾಗಲೇ ಗಾಡಿಗೆ ತುಂಬಿದರೆ ದಾರಿಯುದ್ದಕ್ಕೂ ಸೋರುತ್ತದೆ, ಒಂದೆರಡು ದಿನ ಆರಲೇಬೇಕು. ಅಷ್ಟರಲ್ಲಿ ಒಂದು ಜೋರು ಮಳೆ ಬಿತ್ತೋ, ಎತ್ತಿದ್ದೆಲ್ಲ ಮತ್ತೆ ಗಟಾರಕ್ಕೇ. ಬಾಗಿಲಲ್ಲಿ ನಿಂತ ನೀಟ್ ಮಂದಿ 'ಎಲ್ಲಾ ಹೊಲಸ ಮಾಡಿ ಹೋದ್ರು' ಅನ್ನುತ್ತಾರೆ. ಹೂಳಿನೊಳಗಿನ ಹಾಲಿನ ಪಾಕೀಟು, ಡೈಪರು, ಗುಟ್ಕಾ ಚೀಟಿ, ದೇವರ ಹೂವು ಸಲಿಕೆ ಹಿಡಿದವರು ಮನೆಯಿಂದ ತಂದದ್ದೇನಲ್ಲ.

ಹಸಿ ಕಸ, ಒಣ ಕಸ, ಅಪಾಯಕಾರಿ ಕಸ ಮೂರನ್ನೂ ಬೇರೆ ಬೇರೆ ಕೊಡಬೇಕು ಎಂದು 2016ರ ಘನತ್ಯಾಜ್ಯ ನಿಯಮವೇ ಹೇಳಿತ್ತು. ನೀಟ್ ಮನೆಯ ಪದ್ಧತಿ ಬೇರೆ: ಮೂರನ್ನೂ ಒಂದೇ ಕ್ಯಾರಿಬ್ಯಾಗಿಗೆ ತುರುಕಿ, ಗಂಟು ಬಿಗಿದು, ಎರಡೇ ಬೆರಳಲ್ಲಿ ಹಿಡಿದು ಟಿಪ್ಪರಿಗೆ ಒಗೆಯುವುದು. ನಮ್ಮ ಕಡೆ ಒಗೆಯುವುದು ಅಂದರೆ ಬಟ್ಟೆ ತೊಳೆಯುವುದೂ ಹೌದು, ಎಸೆಯುವುದೂ ಹೌದು; ಮೊದಲನೆಯದು ಕೆಲಸದವರ ಪಾಲು, ಎರಡನೆಯದು ನಮ್ಮದು. ಆ ಗಂಟನ್ನು ಬಿಚ್ಚಿ ಬ್ಲೇಡು, ಒಡೆದ ಬಲ್ಬು, ಹಳಸಿದ ಸಾರು ವಿಂಗಡಿಸಲು ಬರಿಗೈಗಳಿವೆ. ಸಾರು ಹತ್ತಿದ ರಟ್ಟನ್ನು ಗುಜರಿಯವರೂ ಕೊಳ್ಳುವುದಿಲ್ಲ.

ಕಸ ಒಯ್ಯುವ ಪೌರಕಾರ್ಮಿಕರು ಕುಡಿಯಲು ನೀರು ಕೇಳಿದರೆ ಕಾಂಪೌಂಡಿನ ಮೇಲೆ ಬೋರಲು ಹಾಕಿದ ಸ್ಟೀಲ್ ಗ್ಲಾಸು ಇದೆ. ಕುಡಿದವರೇ ಅದನ್ನು ತೊಳೆದಿಟ್ಟು ಹೋಗಬೇಕು. ಮನೆಯವರು ಭಾಳ ಸ್ವಚ್ಛ.