ಮೂತಿ ಒಂದಾದರೆ ಸಾಕೆ?

ಮೇಜಿನ ಡ್ರಾಯರ್ ಎಳೆದರೆ ಸಾಕು, ಒಳಗೊಂದು ಹಾವಿನ ಗೂಡು, ಚಾರ್ಜಿಂಗ್ ಕೇಬಲ್ಲುಗಳದ್ದು. ಕಪ್ಪು, ಬಿಳಿ, ನಡುವೆ ಒಂದೆರಡು ಬೂದು. ಒಂದನ್ನು ಹಿಡಿದೆಳೆದರೆ ಜೊತೆಗೆ ನಾಲ್ಕು ಬರುತ್ತವೆ. ಹಿಂದೆ ಈ ಗೂಡಿನಲ್ಲಿ ಬೇಕಾದ ಹಾವನ್ನು ಗುರುತಿಸುವುದು ಸುಲಭವಿತ್ತು, ಮೂತಿ ನೋಡಿದರಾಯಿತು. ಅಗಲ ಬಾಯಿಯ ಮೂವತ್ತು ಪಿನ್ನಿನದು ಹಳೆಯ ಐಫೋನಿಗೆ, ನಾಲಿಗೆ ಚಾಚಿದ್ದು ಅದರ ತಮ್ಮನಿಗೆ, ಒಂದು ಮಗ್ಗುಲು ಕಿರಿದಾದ ಮೈಕ್ರೋ ಯುಎಸ್‌ಬಿ ಮಿಕ್ಕವರಿಗೆ. ಗುಂಡು ಪಿನ್ನಿನದು ಯಾವುದಕ್ಕೆಂದು ಯಾರಿಗೂ ಗೊತ್ತಿಲ್ಲ, ಹಾಗೆಂದು ಎಸೆಯಲೂ ಮನಸ್ಸಿಲ್ಲ.

ಈಗ ಎಲ್ಲದಕ್ಕೂ ಒಂದೇ ಮೂತಿ. ಸುಮಾರು 8.25 ಮಿಲಿಮೀಟರ್ ಅಗಲ, 2.4 ಮಿಲಿಮೀಟರ್ ದಪ್ಪ, ಹೇಗೆ ಹಿಡಿದು ತೂರಿಸಿದರೂ ಹೋಗುತ್ತದೆ. ಟೈಪ್-ಸಿ. ಗೂಡಿನಿಂದ ಯಾವ ಹಾವನ್ನು ಎತ್ತಿದರೂ ಕಿಂಡಿಗೆ ಸರಿಯಾಗಿ ಕೂರುತ್ತದೆ. ಕೂತ ಮೇಲೆ ಏನು ಮಾಡುತ್ತದೆ ಎಂಬುದು ಮಾತ್ರ ಅದರ ಹಣೆಬರಹ. ಒಂದು ಲ್ಯಾಪ್‌ಟಾಪನ್ನು ಒಂದೂವರೆ ಗಂಟೆಯಲ್ಲಿ ತುಂಬಿಸುತ್ತದೆ, ಇನ್ನೊಂದು ಅದೇ ಲ್ಯಾಪ್‌ಟಾಪಿಗೆ ಚೂರೇ ಚೂರು ಕರೆಂಟು ಕೊಟ್ಟು ಸುಮ್ಮನಾಗುತ್ತದೆ, ಮತ್ತೊಂದು ಚಾರ್ಜ್ ಮಾಡುತ್ತದೆ ಆದರೆ ಒಂದೇ ಒಂದು ಫೋಟೋ ದಾಟಿಸುವುದಿಲ್ಲ. ಬೆಳ್ಳಗಿದ್ದದ್ದೆಲ್ಲ ಹಾಲಲ್ಲ ಎಂಬ ಗಾದೆ ಕಟ್ಟಿದವರಿಗೆ ಬಿಳಿ ಕೇಬಲ್ ಗೊತ್ತಿರಲಿಲ್ಲ, ಆದರೂ ಎಷ್ಟು ಸರಿಯಾಗಿ ಹೇಳಿದ್ದಾರೆ!

ಈ ಏಕಮೂತಿ ತಾನಾಗಿ ಬಂದದ್ದಲ್ಲ, ಸರ್ಕಾರಗಳು ಹಿಂದೆ ಬಿದ್ದು ತರಿಸಿದ್ದು. ಮೊದಲು ಕೈಹಾಕಿದ್ದು ಚೀನಾ. 2006ರ ಕೊನೆಯಲ್ಲಿ, ಮೊಬೈಲ್ ಚಾರ್ಜರಿನ ಡಬ್ಬಿಯಲ್ಲಿ ಯುಎಸ್‌ಬಿ ಕಿಂಡಿಯೇ ಇರಬೇಕು ಎಂದು ಗೊತ್ತುಪಡಿಸಿತು. ಫೋನಿನ ತುದಿ ಏನಾದರೂ ಆಗಲಿ, ಗೋಡೆಯ ತುದಿ ಒಂದೇ ಇರಲಿ ಎಂಬ ಲೆಕ್ಕ. 2009ರಲ್ಲಿ ಯುರೋಪಿನ ಆಯೋಗ ದೊಡ್ಡ ಕಂಪನಿಗಳನ್ನು ಕೂರಿಸಿ ಫೋನಿನ ತುದಿಗೆ ಮೈಕ್ರೋ ಯುಎಸ್‌ಬಿ ಒಪ್ಪಿಸಿತು. ಒಪ್ಪಿದ್ದು ಸ್ವಇಚ್ಛೆಯಿಂದ, ಅಡಾಪ್ಟರ್ ಕೊಟ್ಟರೂ ನಡೆಯುತ್ತದೆ ಎಂಬ ಸಂದಿಯೊಂದಿಗೆ. ಸಹಿ ಹಾಕಿದವರಲ್ಲಿ ಆಪಲ್ ಕೂಡ ಇತ್ತು. ಮೂರು ವರ್ಷದ ಮೇಲೆ ಅದೇ ಸಂದಿಯಲ್ಲಿ ಲೈಟ್ನಿಂಗ್ ಎಂಬ ಹೊಸ ಮೂತಿಯನ್ನು ನುಸುಳಿಸಿತು. ಸ್ವಇಚ್ಛೆಯ ಒಪ್ಪಂದಗಳ ಬಾಳಿಕೆ ಇಷ್ಟೇ. ಕಡೆಗೆ 2022ರಲ್ಲಿ ಕಾನೂನೇ ಬಂತು. 2024ರ ಡಿಸೆಂಬರ್ 28ರಿಂದ ಯುರೋಪಿನ ಒಕ್ಕೂಟದಲ್ಲಿ ಹೊಸದಾಗಿ ಮಾರಾಟಕ್ಕೆ ಬರುವ ಫೋನು, ಟ್ಯಾಬ್ಲೆಟ್, ಕ್ಯಾಮೆರಾ, ಹೆಡ್‌ಫೋನು, ಕೀಬೋರ್ಡು, ಮೌಸುಗಳಿಗೆಲ್ಲ ಟೈಪ್-ಸಿ ಕಡ್ಡಾಯ. ಲ್ಯಾಪ್‌ಟಾಪಿಗೆ 2026ರ ಏಪ್ರಿಲ್ 28ರ ಗಡುವು. ಅಲ್ಲಿಗೊಂದು, ಬೇರೆ ಕಡೆಗೊಂದು ಫೋನು ಮಾಡುತ್ತ ಕೂರುವುದು ಯಾವ ಕಾರ್ಖಾನೆಗೂ ಕಟ್ಟುವುದಿಲ್ಲ. ಗಡುವಿಗೆ ವರ್ಷಕ್ಕೂ ಮೊದಲೇ, 2023ರಲ್ಲಿ, ಐಫೋನಿನ ಮೂತಿಯೂ ಬದಲಾಯಿತು.

ಕಾನೂನು ಮಾಡಿದರೆ ಹೊಸ ಆವಿಷ್ಕಾರ ನಿಂತುಹೋಗುತ್ತದೆ ಎಂದು ಕಂಪನಿಗಳು ಗೋಳಾಡಿದವು. ಹನ್ನೊಂದು ವರ್ಷ ಒಂದೇ ಮೂತಿಯನ್ನು ಅಲುಗಾಡಿಸದೆ ಇಟ್ಟುಕೊಂಡಿದ್ದವರ ಬಾಯಲ್ಲಿ ಈ ಮಾತು ಅಷ್ಟೇನೂ ಒಪ್ಪುವುದಿಲ್ಲ. ಕಾನೂನು ಒಳ್ಳೆಯದೇ. ನನ್ನ ತಕರಾರು ಬೇರೆ: ಅದು ಮೂತಿಯ ಹತ್ತಿರ ತೋರಿದ ಆಸಕ್ತಿಯನ್ನು ಹೊಟ್ಟೆಯ ಹತ್ತಿರ ತೋರಲಿಲ್ಲ. ಮೊದಲು ವ್ಯತ್ಯಾಸ ಕಣ್ಣಿಗೆ ಕಾಣುತ್ತಿತ್ತು, ಈಗ ರಬ್ಬರಿನ ಒಳಗೆ ಸೇರಿಕೊಂಡಿದೆ.

ಒಳಗೇನಿದೆ ನೋಡೋಣ. ಟೈಪ್-ಸಿ ಕಿಂಡಿಯಲ್ಲಿ 24 ಪಿನ್ನುಗಳಿವೆ, ಮೇಲೆ ಹನ್ನೆರಡು, ಕೆಳಗೆ ಹನ್ನೆರಡು. ಎಲ್ಲಕ್ಕೂ ತಂತಿ ಎಳೆಯಬೇಕೆಂಬ ನಿಯಮವಿಲ್ಲ. ಕರೆಂಟಿಗೆ ಒಂದು, ಅದು ಮರಳುವ ಗ್ರೌಂಡಿಗೆ ಒಂದು, ಡೇಟಾಕ್ಕೆ ಒಂದು ಜೋಡಿ, ಚಾರ್ಜರು-ಫೋನುಗಳ ಮಾತುಕತೆಗೆಂದು ಸಿಸಿ ಎಂಬ ಒಂದು ತಂತಿ, ಇಷ್ಟಿದ್ದರೆ ಕೇಬಲ್ ಕೇಬಲ್ಲೇ. ಫೋನಿನ ಜೊತೆ ಬರುವವು ಬಹುಪಾಲು ಇಂಥವು. ಇದರಲ್ಲಿ ಡೇಟಾದ ವೇಗ ಸೆಕೆಂಡಿಗೆ 480 ಮೆಗಾಬಿಟ್, ಅಂದರೆ 2000ನೇ ಇಸವಿಯ ಯುಎಸ್‌ಬಿ 2.0. ನಿಜವಾಗಿ ಕೈಗೆ ಸಿಗುವುದು ಸೆಕೆಂಡಿಗೆ 40 ಮೆಗಾಬೈಟಿನ ಆಸುಪಾಸು. 50 ಗಿಗಾಬೈಟ್ ವಿಡಿಯೊ ದಾಟಿಸಲು ಇಪ್ಪತ್ತು ನಿಮಿಷ ಬೇಕು. ಪೂರ್ತಿ ತಂತಿಗಳಿರುವ 10 ಗಿಗಾಬಿಟ್ ಕೇಬಲ್ಲಿನಲ್ಲಿ, ಎರಡೂ ಕಡೆಯ ಯಂತ್ರಕ್ಕೆ ಆ ತ್ರಾಣವಿದ್ದರೆ, ಅದೇ ಕೆಲಸ ಒಂದೆರಡು ನಿಮಿಷದ್ದು. ಗುರುತಿಸುವ ಒಂದು ಉಪಾಯವಿದೆ. ಟಾರ್ಚು ಬಿಟ್ಟು ಕೇಬಲ್ಲಿನ ಬಾಯೊಳಗೆ ನೋಡಿ. ಹಲ್ಲುಗಳು ಎರಡೂ ಸಾಲಿನಲ್ಲಿ ಒತ್ತೊತ್ತಾಗಿದ್ದರೆ ಒಳ್ಳೆಯ ಲಕ್ಷಣ. ನಡುನಡುವೆ ಉದುರಿಹೋದಂತೆ ಬೊಕ್ಕಾಗಿದ್ದರೆ ಅದು ನಿಧಾನದ ಜಾತಿ.

ಕರೆಂಟಿನ ಕಥೆ ಇನ್ನೂ ಸ್ವಾರಸ್ಯದ್ದು. ಟೈಪ್-ಸಿ ಚಾರ್ಜರನ್ನು ಗೋಡೆಗೆ ಸಿಕ್ಕಿಸಿದ ಮಾತ್ರಕ್ಕೆ ಅದರ ಬಾಯಲ್ಲಿ ವೋಲ್ಟೇಜು ಇರುವುದಿಲ್ಲ. ಆಚೆ ತುದಿಯಲ್ಲಿ ಯಾರೋ ಇದ್ದಾರೆ ಎಂದು ಖಾತ್ರಿಯಾಗುವ ತನಕ ಅದು ಬಾಯಿ ಬಿಡದು. ಖಾತ್ರಿಯಾಗುವುದು ಸಿಸಿ ತಂತಿಯ ಕೊನೆಯಲ್ಲಿ, ಫೋನಿನೊಳಗೆ, 5.1 ಕಿಲೋ ಓಮ್‌ನ ಒಂದು ರೆಸಿಸ್ಟರ್, ಅಂದರೆ ಕರೆಂಟಿಗೆ ಅಡ್ಡಿಯೊಡ್ಡುವ ಪುಟ್ಟ ಬಿಡಿಭಾಗ, ಸಿಕ್ಕಾಗ. ಆಗ 5 ವೋಲ್ಟ್ ಬಿಡುತ್ತದೆ. ಆಮೇಲೆ ಚೌಕಾಸಿ: ನನ್ನ ಹತ್ತಿರ 9 ಇದೆ, 15 ಇದೆ, 20 ಇದೆ, ನಿನಗೆಷ್ಟು ಬೇಕು? ಫೋನು ಕೇಳಿದ್ದನ್ನು ಚಾರ್ಜರ್ ಒಪ್ಪಿದರೆ ವೋಲ್ಟೇಜು ಏರುತ್ತದೆ. ಇದೇ ಪವರ್ ಡೆಲಿವರಿ, ಅಂದರೆ ಪಿಡಿ. ನಡುವೆ ಕೇಬಲ್ಲಿನ ಮಾತೂ ನಡೆಯುತ್ತದೆ. ಸಾಮಾನ್ಯ ಕೇಬಲ್ಲು ಹೊರುವುದು 3 ಆಂಪಿಯರ್; 20 ವೋಲ್ಟಿಗೆ ಗುಣಿಸಿದರೆ 60 ವಾಟ್. 5 ಆಂಪಿಯರ್ ಹೊರುತ್ತೇನೆ ಎನ್ನುವ ಕೇಬಲ್ಲಿನ ಮೂತಿಯೊಳಗೆ ಇ-ಮಾರ್ಕರ್ ಎಂಬ ಚೂರು ಚಿಪ್ ಕೂತಿರಬೇಕು. ಚಾರ್ಜರ್ ಅದನ್ನು ವಿಚಾರಿಸುತ್ತದೆ. ಉತ್ತರ ಬಂದರೆ 100 ವಾಟ್, 2021ರ ನಂತರದ ನಿಯಮದಂತೆ 48 ವೋಲ್ಟ್ ತಾಳುವ ಕೇಬಲ್ಲಾದರೆ 240 ವಾಟ್. ಉತ್ತರ ಬರದಿದ್ದರೆ 60ಕ್ಕೇ ನಿಲ್ಲಿಸುತ್ತದೆ. ನೂರು ವಾಟಿನ ಚಾರ್ಜರ್ ಕೊಂಡು ಹಳೆಯ ಫೋನಿನ ಕೇಬಲ್ ಸಿಕ್ಕಿಸಿ, ಲ್ಯಾಪ್‌ಟಾಪ್ ನಿಧಾನವಾಗಿ ತುಂಬುತ್ತಿದೆ ಎಂದು ಚಾರ್ಜರನ್ನು ಬೈಯುವವರು ಪಾಪ ಕೇಬಲ್ಲಿನ ಮೇಲೆ ಅನುಮಾನವನ್ನೇ ಪಡುವುದಿಲ್ಲ.

ಆ 5.1 ಕಿಲೋ ಓಮ್ ರೆಸಿಸ್ಟರಿನ ಮೇಲೆ ಒಂದು ಮಹಾಕಾವ್ಯ ಬರೆಯಬಹುದು. ಅಗ್ಗದ ಟಾರ್ಚು, ಟ್ರಿಮ್ಮರು, ಆಟಿಕೆಗಳಲ್ಲಿ ಕಿಂಡಿ ಟೈಪ್-ಸಿಯೇ ಇರುತ್ತದೆ, ಆದರೆ ಹೊಸ ಚಾರ್ಜರಿಗೆ ಸಿಕ್ಕಿಸಿದರೆ ಸತ್ತಂತೆ ಬಿದ್ದಿರುತ್ತವೆ. ಹಳೆಯ ಚಪ್ಪಟೆ ಯುಎಸ್‌ಬಿ ತುದಿಯ ಕೇಬಲ್ಲಿನಲ್ಲಿ ಮಾತ್ರ ಜೀವ ಬರುತ್ತದೆ. ಕಾರಣ ಇಷ್ಟೇ: ಹಳೆಯ ಕಿಂಡಿಯಲ್ಲಿ 5 ವೋಲ್ಟ್ ಸದಾ ಇರುತ್ತದೆ, ಯಾರನ್ನೂ ಕೇಳುವುದಿಲ್ಲ, ಟೈಪ್-ಸಿ ಚಾರ್ಜರ್ ರೆಸಿಸ್ಟರಿಗಾಗಿ ತಡಕಾಡುತ್ತದೆ, ಅದು ಒಳಗಿರುವುದೇ ಇಲ್ಲ. ಎರಡು ಸಿಸಿ ಪಿನ್ನಿಗೆ ಒಂದೊಂದರಂತೆ ಬೇಕಿದ್ದದ್ದು ಎಳ್ಳುಕಾಳಿಗಿಂತ ಚಿಕ್ಕ ಎರಡು ರೆಸಿಸ್ಟರ್. ಕಾಸು ಉಳಿಸಲು ಬಿಟ್ಟಿರುತ್ತಾರೆ. ಬಲ್ಲವರೂ ಇಲ್ಲಿ ಎಡವಿದ್ದಾರೆ. 2019ರ ರಾಸ್‌ಬೆರಿ ಪೈ 4 ಎಂಬ ಪುಟ್ಟ ಕಂಪ್ಯೂಟರಿನಲ್ಲಿ ಎರಡೂ ಪಿನ್ನಿಗೆ ಸೇರಿ ಒಂದೇ ರೆಸಿಸ್ಟರ್ ಇಟ್ಟರು. ಸಾದಾ ಕೇಬಲ್ಲಿನಲ್ಲಿ ಏನೂ ತೊಂದರೆ ಕಾಣಲಿಲ್ಲ. ಇ-ಮಾರ್ಕರ್ ಇರುವ ಒಳ್ಳೆಯ ಕೇಬಲ್ ಹಾಕಿದರೆ ಚಾರ್ಜರ್ ಅದನ್ನು ಹೆಡ್‌ಫೋನಿನ ಅಡಾಪ್ಟರ್ ಎಂದು ಭಾವಿಸಿ ಕರೆಂಟೇ ಕೊಡಲಿಲ್ಲ. ಕಳಪೆ ಕೇಬಲ್ಲಿಗೆ ಒಲಿದು ಒಳ್ಳೆಯದಕ್ಕೆ ಮುನಿಯುವ ಯಂತ್ರ! ಮುಂದಿನ ಆವೃತ್ತಿಯ ಬೋರ್ಡಿನಲ್ಲಿ ಸರಿಪಡಿಸಿದರು.

ಕೇಬಲ್ಲಿನ ಒಳಗೂ ಒಂದು ರೆಸಿಸ್ಟರ್ ಇರುವುದುಂಟು. ಒಂದು ತುದಿ ಹಳೆಯದು, ಇನ್ನೊಂದು ಟೈಪ್-ಸಿ ಆದಾಗ 56 ಕಿಲೋ ಓಮ್ ಹಾಕಬೇಕು. ಬದಲಿಗೆ 10 ಹಾಕಿದರೆ, ಈ ಕಿಂಡಿ 3 ಆಂಪಿಯರ್ ಕೊಡುತ್ತದೆ ಎಂದು ಫೋನಿಗೆ ಸುಳ್ಳು ಹೇಳಿದಂತೆ. ಹಳೆಯ ಲ್ಯಾಪ್‌ಟಾಪಿನ ಯುಎಸ್‌ಬಿ ಕಿಂಡಿಯ ಶಕ್ತಿ ಅರ್ಧ ಆಂಪಿಯರ್, ಹೆಚ್ಚೆಂದರೆ 0.9. ಫೋನು ನಂಬಿ ಎಳೆಯುತ್ತದೆ, ಕಿಂಡಿ ಸುಟ್ಟುಕೊಳ್ಳುತ್ತದೆ. 2015ರ ಕೊನೆಯಲ್ಲಿ ಗೂಗಲ್‌ನ ಎಂಜಿನಿಯರ್ ಬೆನ್ಸನ್ ಲ್ಯೂಂಗ್ ಇಂಥ ಕೇಬಲ್ಲುಗಳನ್ನು ಒಂದೊಂದಾಗಿ ತರಿಸಿ ಪರೀಕ್ಷಿಸಿ ಜಾತಕ ಬರೆಯತೊಡಗಿದರು. ಒಂದರಲ್ಲಂತೂ ತಂತಿಗಳೇ ಅದಲುಬದಲಾಗಿ ಅವರ ಲ್ಯಾಪ್‌ಟಾಪೇ ಕೆಟ್ಟಿತು. 2016ರಲ್ಲಿ ಅಮೆಜಾನ್ ನಿಯಮಕ್ಕೆ ಹೊಂದದ ಟೈಪ್-ಸಿ ಕೇಬಲ್ ಮಾರುವಂತಿಲ್ಲ ಎಂದಿತು. ಸರ್ಕಾರ ಇನ್ನೂ ಮೂತಿಯ ಚರ್ಚೆಯಲ್ಲಿದ್ದಾಗ ಹೊಟ್ಟೆಯ ಬಗ್ಗೆ ಎಚ್ಚೆತ್ತದ್ದು ಅಂಗಡಿ.

ಇನ್ನು ತಾಮ್ರ. ಅಗ್ಗದ ಕೇಬಲ್ಲಿನಲ್ಲಿ ಮೊದಲು ಸಣಕಲಾಗುವುದು ಅದೇ. 28 ಗೇಜಿನ ತಂತಿ ಮೀಟರಿಗೆ ಸುಮಾರು 0.21 ಓಮ್. ಹೋಗಿ ಬರಲು ಎರಡು ತಂತಿ, ಅಲ್ಲಿಗೆ 0.42. 2 ಆಂಪಿಯರ್ ಹರಿದರೆ ದಾರಿಯಲ್ಲೇ 0.8 ವೋಲ್ಟಿಗಿಂತ ಹೆಚ್ಚು ಸೋರಿಹೋಗುತ್ತದೆ. 5 ವೋಲ್ಟ್ ಹೊರಟದ್ದು 4.2 ಆಗಿ ತಲಪಿದಾಗ ಫೋನು ಚಾರ್ಜರ್ ದುರ್ಬಲವೆಂದು ತಿಳಿದು ತಾನೇ ಕಡಿಮೆ ಕುಡಿಯುತ್ತದೆ. 24 ಗೇಜಾದರೆ ಸೋರಿಕೆ 0.34 ವೋಲ್ಟಿಗೆ ಇಳಿಯುತ್ತದೆ. (ಗೇಜು ಕಡಿಮೆಯಾದಷ್ಟೂ ತಂತಿ ದಪ್ಪ, ಹೀಗೆ ತಲೆಕೆಳಗಾಗಿ ಎಣಿಸಲು ಯಾರಿಗೆ ತೋಚಿತೋ.) ಆದ್ದರಿಂದಲೇ ಮೂರು ಮೀಟರಿನ ತೆಳು ಕೇಬಲ್ಲು ಹಾಸಿಗೆಯವರೆಗೆ ಬರುತ್ತದೆ, ಕರೆಂಟು ಬರುವುದಿಲ್ಲ.

ಕಂಪನಿಗಳ ಸ್ವಂತ ಫಾಸ್ಟ್ ಚಾರ್ಜಿಂಗ್ ಬೇರೆ ಇದೆ. ಕೆಲವು ವೋಲ್ಟೇಜು ಏರಿಸದೆ ಆಂಪಿಯರ್ ಏರಿಸುತ್ತವೆ, ಅದಕ್ಕೆ ಅವರದೇ ದಪ್ಪ ಕೇಬಲ್ಲು, ಅವರದೇ ಚಾರ್ಜರು ಬೇಕು. ಬೇರೆಯವರದು ಹಾಕಿದರೆ ಫೋನು ಮುಖ ಊದಿಸಿಕೊಂಡು ಆಮೆಯಾಗುತ್ತದೆ. ಇಲ್ಲಿ ಯುರೋಪಿನ ಕಾನೂನು ಒಂದು ಒಳ್ಳೆಯ ಕೆಲಸ ಮಾಡಿದೆ: 5 ವೋಲ್ಟ್, 3 ಆಂಪಿಯರ್, 15 ವಾಟ್ ಇವುಗಳಲ್ಲಿ ಯಾವುದನ್ನು ಮೀರಿದರೂ ಪಿಡಿ ಭಾಷೆಯನ್ನೂ ಬಲ್ಲದಾಗಿರಬೇಕು, ನಿಮ್ಮ ಮನೆಮಾತು ಏನಾದರೂ ಆಗಲಿ ಎಂದಿದೆ. ಫೋನಿನ ಪೆಟ್ಟಿಗೆಯ ಮೇಲೆ ಕನಿಷ್ಠ ಎಷ್ಟು ವಾಟ್ ಬೇಕು, ಗರಿಷ್ಠ ಎಷ್ಟು ಎಳೆಯುತ್ತದೆ ಎಂಬ ಎರಡು ಅಂಕಿಯನ್ನೂ ಅಚ್ಚು ಮಾಡಿಸಿದೆ. ಪೆಟ್ಟಿಗೆ ಎಸೆಯುವ ವಸ್ತು. ಉಳಿಯುವುದು ಕೇಬಲ್ಲು, ಅದರ ಮೈ ಬೋಳು.

ಯುಎಸ್‌ಬಿಯ ಒಕ್ಕೂಟ ಪ್ರಮಾಣೀಕೃತ ಕೇಬಲ್ಲುಗಳಿಗೆಂದು 60 ವಾಟ್, 240 ವಾಟ್ ಎಂಬ ಮುದ್ರೆಗಳನ್ನು ರೂಪಿಸಿದ್ದು ಮೆಚ್ಚತಕ್ಕದ್ದು. ಹೆಸರಿಡುವುದರಲ್ಲಿ ಮಾತ್ರ ಅದರ ಕೈಗುಣ ದೇವರಿಗೇ ಪ್ರೀತಿ. ಸೆಕೆಂಡಿಗೆ 5 ಗಿಗಾಬಿಟ್‌ನ ಒಂದೇ ಕೂಸಿಗೆ ಮೊದಲು ಯುಎಸ್‌ಬಿ 3.0, ಆಮೇಲೆ 3.1 ಜೆನ್ 1, ಕೊನೆಗೆ 3.2 ಜೆನ್ 1 ಎಂದು ಮೂರು ಸಲ ನಾಮಕರಣ ಮಾಡಿತು. ಕೂಸು ಒಂದಿಂಚೂ ಬೆಳೆಯಲಿಲ್ಲ. ಕಾನೂನು ಬರೆಯುವವರು ನನ್ನನ್ನು ಕೇಳಿದರೆ, ಕೇಳುವುದಿಲ್ಲ ಬಿಡಿ, ಹೇಳುವುದು ಒಂದೇ ಸಾಲು: ಕೇಬಲ್ಲಿನ ಎರಡೂ ಮೂತಿಯ ಮೇಲೆ ಎಷ್ಟು ವಾಟ್, ಎಷ್ಟು ಗಿಗಾಬಿಟ್ ಎಂದು ಉಬ್ಬಕ್ಷರದಲ್ಲಿ ಕೆತ್ತಿರಬೇಕು. ಶಾಯಿಯಲ್ಲಿ ಬೇಡ, ಅಳಿಸಿಹೋಗುತ್ತದೆ. ಅಚ್ಚಿಗೆ ಒಂದು ಸಲ ಖರ್ಚು, ಆಮೇಲೆ ಲಕ್ಷ ಕೇಬಲ್ಲಿಗೂ ಬಿಟ್ಟಿ.

ಇಷ್ಟೆಲ್ಲ ಓದಿ ಈಗಲೇ ಹೊಸ ಕೇಬಲ್ಲಿಗೆ ಹೊರಡುವ ಮೊದಲು ಫೋನಿನ ಕಿಂಡಿಯನ್ನೊಮ್ಮೆ ನೋಡಿ. ಸಿಕ್ಕಿಸಿದಾಗ ಟಕ್ಕೆನ್ನದೆ ಮೆತ್ತಗೆ ಕೂತು, ಅಲುಗಿದರೆ ಕಳಚಿಕೊಳ್ಳುತ್ತಿದ್ದರೆ ತಪ್ಪು ಕೇಬಲ್ಲಿನದಲ್ಲ, ಜೇಬಿನ ಅರಳೆಯದು. ಪ್ರತಿ ಸಲ ಸಿಕ್ಕಿಸುವಾಗಲೂ ಅದನ್ನು ನಾವೇ ಒತ್ತಿ ಒತ್ತಿ ತಳಕ್ಕೆ ಗಟ್ಟಿ ಮಾಡಿರುತ್ತೇವೆ. ಫೋನು ಆರಿಸಿ, ಮರದ ಹಲ್ಲುಕಡ್ಡಿಯ ತುದಿಯನ್ನು ಚಪ್ಪಟೆಯಾಗಿ ಹೆರೆದು, ಹೊರಗೋಡೆಗೆ ಒತ್ತಿಕೊಂಡು ಕೆರೆದು ತೆಗೆಯಿರಿ. ನಡುವಿನ ನಾಲಿಗೆಯ ದಪ್ಪ ಒಂದು ಮಿಲಿಮೀಟರೂ ಇಲ್ಲ, ಪಿನ್ನುಗಳೆಲ್ಲ ಅದರ ಮೇಲೇ ಇವೆ, ಅದನ್ನು ಮೀಟಬೇಡಿ. ಗುಂಡುಸೂಜಿ ಬೇಡವೇ ಬೇಡ. ಹೊರಬರುವ ಬೂದು ಉಂಡೆಯ ಗಾತ್ರ ನೋಡಿದರೆ ಇದಿಷ್ಟೂ ಒಳಗೆ ಹೇಗಿತ್ತು ಎಂದು ಆಶ್ಚರ್ಯವಾಗುತ್ತದೆ.

ಕೆತ್ತಿದ ಅಕ್ಷರ ಬರುವ ತನಕ ಗೂಡಿಗೆ ನಾವೇ ಹೆಸರಿಡಬೇಕು. ನೂರು ವಾಟಿನ ಚಾರ್ಜರಿನಲ್ಲಿ ಲ್ಯಾಪ್‌ಟಾಪನ್ನು ಬೇಗ ತುಂಬಿಸಿದ್ದಕ್ಕೆ 100, ನಿಧಾನಕ್ಕೆ ತುಂಬಿಸಿದ್ದಕ್ಕೆ 60, ಫೈಲು ಬೇಗ ದಾಟಿದ್ದಕ್ಕೆ ಒಂದು ಬಾಣದ ಗುರುತು. ಬಿಳಿ ಕಾಗದದ ಚೀಟಿಯಲ್ಲಿ ಬರೆದು ಮೂತಿಯಿಂದ ಎರಡು ಬೆರಳು ಹಿಂದಕ್ಕೆ ಸುತ್ತಿ, ಮೇಲೊಂದು ಪಾರದರ್ಶಕ ಟೇಪು ಅಂಟಿಸಿ. ಮೂತಿಗೇ ಸುತ್ತಬೇಡಿ. ಟೇಪಿನ ದಪ್ಪಕ್ಕೆ ಅದು ಫೋನಿನ ಕವರಿನ ರಂಧ್ರದೊಳಗೆ ಪೂರ್ತಿ ಇಳಿಯುವುದಿಲ್ಲ, ಮತ್ತೆ ಚಾರ್ಜ್ ಆಗುತ್ತಿಲ್ಲ ಎಂಬ ರಗಳೆ.