ಗಗನಚುಕ್ಕಿಯ ಮೀನು

ಆಕಾಶದ ಕಪ್ಪುಕುಳಿ (ಬ್ಲ್ಯಾಕ್ ಹೋಲ್) ಹೇಗಿರುತ್ತೆ ಅಂತ ನಮ್ಮ ಮಂಡ್ಯದ ಕಡೆ ಯಾರನ್ನೇ ಕೇಳಿ, ಹೊಳೆಯ ಸುಳಿ ಇದ್ದ ಹಾಗೆ ಎನ್ನುತ್ತಾರೆ. ಹತ್ತಿರ ಬಂದದ್ದನ್ನೆಲ್ಲ ಎಳೆದುಕೊಂಡು ನುಂಗುತ್ತೆ, ಅಷ್ಟೇ. ಕಾವೇರಿಯಲ್ಲಿ ಈಜು ಕಲಿತವರಿಗೆ ಈ ಮಾತು ತಟ್ಟನೆ ನಾಟುತ್ತದೆ. ನನಗೆ ಮಾತ್ರ ಅಷ್ಟು ಹಿಡಿಸುವುದಿಲ್ಲ. ಪಾಪ, ಕಪ್ಪುಕುಳಿಗೆ ಸುಮ್ನೆ ಕೆಟ್ಟ ಹೆಸರು. ನಾಳೆ ಸೂರ್ಯನ ಜಾಗದಲ್ಲಿ ಅಷ್ಟೇ ತೂಕದ ಕಪ್ಪುಕುಳಿ ಬಂದು ಕೂತರೂ ಭೂಮಿ ಎಂದಿನಂತೆ ಸುತ್ತುತ್ತಲೇ ಇರುತ್ತದೆ. ಕತ್ತಲು ಕವಿಯುತ್ತದೆ, ಕಬ್ಬು ಬೆಳೆಯುವುದಿಲ್ಲ, ಅದು ಬೇರೆ ಮಾತು.

ಸುಳಿ ಬಿಟ್ಟು ಅದೇ ಹೊಳೆಯಲ್ಲಿ ಕೆಳಗೆ, ಮಳವಳ್ಳಿ ತಾಲ್ಲೂಕಿನ ಗಗನಚುಕ್ಕಿಗೆ ಬನ್ನಿ. ಬೇಸಿಗೆಯಲ್ಲಿ ಬೇಡ, 1902ರಿಂದ ಅಲ್ಲಿನ ನೀರು ಕರೆಂಟಿಗೆ ಹೋಗುತ್ತಿದೆ, ಆಗ ನೋಡಲು ಉಳಿಯುವುದು ಬಂಡೆಯೇ ಜಾಸ್ತಿ. ಮಳೆಗಾಲದಲ್ಲಿ, ನೀರು ಧುಮುಕುವ ಅಂಚಿಗಿಂತ ಮೇಲುಗಡೆ ನೋಡಬೇಕು. ದೂರದಲ್ಲಿ ಹರಿವು ನಿಧಾನ. ಅಂಚು ಹತ್ತಿರವಾದಷ್ಟೂ ಸೆಳೆತ ಜೋರು. ಅಲ್ಲೊಂದು ಮೀನು ಆಡುತ್ತಿದೆ ಎಂದುಕೊಳ್ಳಿ. ನೀರಿನ ವೇಗ ತನ್ನ ಈಜಿಗಿಂತ ಕಡಿಮೆ ಇರುವ ತನಕ ಅದು ಬೇಕೆಂದಾಗ ವಾಪಸ್ ಬರಬಹುದು. ಎಲ್ಲೋ ಒಂದು ಕಡೆ ಎರಡೂ ಸಮವಾಗುತ್ತವೆ. ಅದನ್ನು ದಾಟಿದ ಮೇಲೆ ಎಷ್ಟು ಬಾಲ ಬಡಿದರೂ ಬರಲಾರದು. ತಮಾಷೆ ಅಂದರೆ ಅಲ್ಲಿ ಯಾರೂ ಹಗ್ಗ ಕಟ್ಟಿಲ್ಲ, ನೀರಿನ ಮೇಲೆ ಗೆರೆಯೂ ಇಲ್ಲ. ದಾಟಿದ್ದು ಮೀನಿಗೇ ತಿಳಿಯುವುದಿಲ್ಲ. ದೊಡ್ಡ ಕಪ್ಪುಕುಳಿಯ ಘಟನಾ ದಿಗಂತವೂ, ಅಂದರೆ ದಾಟಿದರೆ ವಾಪಸ್ ಬರಲಾಗದ ಅದರ ಗಡಿಯೂ, ಇಂಥದೇ. ಅಲ್ಲಿ ವಾಪಸ್ ಬರಲಾರದೆ ಸೋಲುವುದು ಸೆಕೆಂಡಿಗೆ 3 ಲಕ್ಷ ಕಿಲೋಮೀಟರ್ ಓಡುವ ಬೆಳಕು. ಕನ್ನಂಬಾಡಿ ಕಟ್ಟೆ ತುಂಬಿ ಗೇಟು ತೆಗೆದರೆ ಮೀನಿನ ಆ ಗಡಿ ಇನ್ನೂ ಮೇಲಕ್ಕೆ ಸರಿಯುತ್ತದೆ. ಮೈತುಂಬ ತಿಂದ ಕಪ್ಪುಕುಳಿಯ ದಿಗಂತವೂ ಹಾಗೇ ಹಿಗ್ಗುತ್ತದೆ.

ಇದೇ ಜಾಡಿನಲ್ಲಿ 1981ರಲ್ಲಿ ಕೆನಡಾದ ಭೌತವಿಜ್ಞಾನಿ ವಿಲಿಯಂ ಉನ್ರೂ, ಬೆಳಕಿನ ಬದಲು ಶಬ್ದವನ್ನಿಟ್ಟು ಲೆಕ್ಕ ಹಾಕಿದರು. ದ್ರವವೇ ಶಬ್ದಕ್ಕಿಂತ ವೇಗವಾಗಿ ಹರಿದರೆ ಒಳಗಿನ ಸದ್ದು ಹಿಂದಕ್ಕೆ ಬರಲಾರದು ಅಲ್ವಾ? ಕಪ್ಪುಕುಳಿಯಿಂದಲೂ ಒಂಚೂರು ವಿಕಿರಣ ಹೊರಡುತ್ತದೆ ಎಂದು 1974ರಲ್ಲಿ ಭೌತವಿಜ್ಞಾನಿ ಸ್ಟೀಫನ್ ಹಾಕಿಂಗ್ ಹೇಳಿದ್ದರು. ಅದೇ ಬಗೆಯ ಸಣ್ಣ ಸದ್ದು ಇಂಥ ಹರಿವಿನಿಂದಲೂ ಹೊರಡಬೇಕು ಎಂದರು ಉನ್ರೂ. ಆಕಾಶದಲ್ಲಿ ಅಳೆಯಲಾಗದ್ದನ್ನು ಲ್ಯಾಬಿನ ನೀರಿನ ತೊಟ್ಟಿಯಲ್ಲಿ ಹುಡುಕುವ ಕೆಲಸ ಹಾಗೆ ಶುರುವಾಯಿತು. ಎಲ್ಲಿಯ ನಕ್ಷತ್ರ, ಎಲ್ಲಿಯ ತೊಟ್ಟಿ!

ಒಂದು ಕಡೆ ಮಾತ್ರ ಈ ಮೀನು ಕೈಕೊಡುತ್ತದೆ. ಗಗನಚುಕ್ಕಿಯಿಂದ ಬಿದ್ದರೂ ಅದೃಷ್ಟ ಗಟ್ಟಿಯಿದ್ದರೆ ಕೆಳಗಿನ ಮಡುವಿನಲ್ಲಿ ಸುಧಾರಿಸಿಕೊಂಡು ಮೆಟ್ಟೂರಿನ ತನಕ ಹೋಗಬಹುದು. ಕಪ್ಪುಕುಳಿಯ ಆ ಕಡೆ ತಮಿಳುನಾಡಿಲ್ಲ.